ಜರ್ಮನಿಯ ಕಾರ್ಡಿನಿಂದ ಊರಿನ ಮನೆಗೆ ಖರೀದಿ: ಪಾವತಿ ಎಲ್ಲಿ ನಿಲ್ಲುತ್ತದೆ, ದಾರಿ ಯಾವುದು?

ನೆಕ್ಕರ್‌ದಂಡೆ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಉದ್ಯೋಗದ ನಿಮಿತ್ತ ಸ್ಟುಟ್‌ಗಾರ್ಟ್‌ನಲ್ಲಿ ನೆಲೆಸಿರುವ ನಾನು, ಧಾರವಾಡದಲ್ಲಿರುವ ತಂದೆತಾಯಿಗೆ ಬೇಕಾದ ಸಾಮಾನುಗಳನ್ನು ಭಾರತದ ಜಾಲತಾಣಗಳಲ್ಲಿಯೇ ಕೊಂಡು ನೇರವಾಗಿ ಅವರ ಮನೆಗೆ ತಲುಪಿಸಲು ಪ್ರಯತ್ನಿಸುತ್ತಿದ್ದೇನೆ. ತಿಂಗಳ ಔಷಧಿ, ಬಿಪಿ ನೋಡುವ ಯಂತ್ರ, ಮಿಕ್ಸರ್, ಹೀಗೆ ದಿನಬಳಕೆಯ ವಸ್ತುಗಳೇ ಹೆಚ್ಚು. ಆದರೆ ಇಲ್ಲಿನ ಬ್ಯಾಂಕಿನ ಕಾರ್ಡು ಒಂದು ಕಡೆ ನಡೆದರೆ ಇನ್ನೊಂದು ಕಡೆ ನಡೆಯುವುದಿಲ್ಲ.

ಔಷಧಿಯ ಜಾಲತಾಣವೊಂದರಲ್ಲಿ ಕಾರ್ಡಿನ ವಿವರ ತುಂಬಿದ ಕೂಡಲೇ ‘ಪಾವತಿ ವಿಫಲವಾಗಿದೆ, ನಿಮ್ಮ ಬ್ಯಾಂಕನ್ನು ಸಂಪರ್ಕಿಸಿ’ ಎಂದು ಬರುತ್ತದೆ. ಬ್ಯಾಂಕಿಗೆ ಫೋನು ಮಾಡಿದರೆ, ಅಂಥ ಕೋರಿಕೆಯೇ ತಮ್ಮ ತನಕ ಬಂದಿಲ್ಲ ಎನ್ನುತ್ತಾರೆ. ಇನ್ನೊಂದರಲ್ಲಿ ಬಿಲ್ಲಿಂಗ್ ವಿಳಾಸಕ್ಕೆ ಆರು ಅಂಕಿಯ ಪಿನ್‌ಕೋಡ್ ಬೇಕು, ರಾಜ್ಯಗಳ ಪಟ್ಟಿಯಲ್ಲಿ ಭಾರತದ ರಾಜ್ಯಗಳಷ್ಟೇ ಇವೆ, ಇಲ್ಲಿನ ಐದು ಅಂಕಿಯ ಅಂಚೆ ಸಂಖ್ಯೆಯನ್ನು ಅದು ಒಪ್ಪುವುದೇ ಇಲ್ಲ. ಮೂರನೆಯದರಲ್ಲಿ ಬ್ಯಾಂಕಿನ ಆ್ಯಪ್‌ನಲ್ಲಿ ಒಪ್ಪಿಗೆ ಕೊಟ್ಟ ಮೇಲೂ ಆರ್ಡರ್ ರದ್ದಾಯಿತು. ಆ ಮೊತ್ತ ಮಾತ್ರ ಖಾತೆಯಲ್ಲಿ ಕಾಯ್ದಿರಿಸಿದ ಹಣವೆಂದು ಇನ್ನೂ ತೋರಿಸುತ್ತಿದೆ.

ಭಾರತದ ಹಳೆಯ ಉಳಿತಾಯ ಖಾತೆಯ ಡೆಬಿಟ್ ಕಾರ್ಡು ಇದೆ, ಆದರೆ ಅದರ ಓಟಿಪಿ ಹೋಗುವ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿಲ್ಲ. ತಂದೆಯವರಿಗೆ ಹಣ ಕಳುಹಿಸಿ ಅವರಿಂದಲೇ ಕೊಳ್ಳಿಸಿ ಎಂದು ಕೆಲವರು ಹೇಳುತ್ತಾರೆ. ವಂಚನೆಯ ಕರೆಗಳ ಸುದ್ದಿ ಓದಿ ಓದಿ ಅವರು ಆನ್‌ಲೈನ್ ಪಾವತಿಯೆಂದರೆ ಹೆದರುತ್ತಾರೆ, ಆ ಹೆದರಿಕೆ ಅನಗತ್ಯವೆಂದು ನನಗೂ ಅನ್ನಿಸುವುದಿಲ್ಲ. ಔಷಧಿಯಂಥ ವಿಷಯದಲ್ಲಿ ಪ್ರತಿ ತಿಂಗಳೂ ಈ ಅನಿಶ್ಚಿತತೆ ಇರಬಾರದು. ನಂಬಿಕೊಳ್ಳಬಹುದಾದ ದಾರಿ ಬಲ್ಲವರು ದಯವಿಟ್ಟು ತಿಳಿಸಿ.

ಕಬ್ಬನ್‌ಪೇಟೆ

ನಾನು ಬೆಂಗಳೂರಿನಲ್ಲಿ ಆನ್‌ಲೈನ್ ಪಾವತಿಗೆ ಸಂಬಂಧಿಸಿದ ಕೆಲಸದಲ್ಲಿದ್ದೇನೆ. ತಾವು ಬರೆದ ಮೂರು ಪ್ರಸಂಗಗಳಲ್ಲಿ ಪಾವತಿ ನಿಂತದ್ದು ಮೂರು ಬೇರೆ ಬೇರೆ ಜಾಗಗಳಲ್ಲಿ, ಆದ್ದರಿಂದ ಪರಿಹಾರವೂ ಬೇರೆ ಬೇರೆ.

ಮೊದಲನೆಯದರಲ್ಲಿ ಬ್ಯಾಂಕಿನವರು ಹೇಳಿದ್ದು ನಿಜವಿರಬೇಕು. ಕಾರ್ಡಿನ ಮೊದಲ ಆರೆಂಟು ಅಂಕಿಗಳಿಂದಲೇ ಅದು ಯಾವ ದೇಶದ ಯಾವ ಬ್ಯಾಂಕಿನದು ಎಂಬುದು ಗೇಟ್‌ವೇಗೆ, ಅಂದರೆ ವ್ಯಾಪಾರಿಯ ಪರವಾಗಿ ಪಾವತಿಯ ಕೋರಿಕೆಯನ್ನು ಬ್ಯಾಂಕಿನತ್ತ ದಾಟಿಸುವ ವ್ಯವಸ್ಥೆಗೆ, ಗೊತ್ತಾಗುತ್ತದೆ. ವ್ಯಾಪಾರಿಯು ವಿದೇಶಿ ಕಾರ್ಡುಗಳ ಸೌಲಭ್ಯವನ್ನು ಪ್ರತ್ಯೇಕವಾಗಿ ಪಡೆದಿರದಿದ್ದರೆ ಕೋರಿಕೆ ಅಲ್ಲಿಯೇ ನಿಲ್ಲುತ್ತದೆ. ವ್ಯಾಪಾರಿಗಳು ಇದಕ್ಕೆ ಹಿಂಜರಿಯುವುದಕ್ಕೆ ಕಾರಣವಿದೆ. 2009ರ ಆಗಸ್ಟ್ 1ರಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ಹಂತದ ದೃಢೀಕರಣವನ್ನು ರಿಸರ್ವ್ ಬ್ಯಾಂಕ್ ಕಡ್ಡಾಯಗೊಳಿಸಿತು, ನಾವೆಲ್ಲ ಓಟಿಪಿ ಎನ್ನುವುದು ಬಹುಪಾಲು ಅದನ್ನೇ. ಆದರೆ ಆ ಕಡ್ಡಾಯ ಅನ್ವಯಿಸುವುದು ಭಾರತದಲ್ಲಿ ನೀಡಲಾದ ಕಾರ್ಡುಗಳಿಗೆ. ವಿದೇಶಿ ಕಾರ್ಡಿನ ಪಾವತಿ ಯಾವ ದೃಢೀಕರಣವೂ ಇಲ್ಲದೆ ನಡೆದು, ಆಮೇಲೆ ಕಾರ್ಡಿನ ಮಾಲೀಕರು ‘ಇದು ನಾನು ಮಾಡಿದ್ದಲ್ಲ’ ಎಂದು ತಕರಾರು ಎತ್ತಿದರೆ, ಸಾಮಾನು ಕಳುಹಿಸಿಯಾದ ಮೇಲೂ ಹಣ ಹಿಂತಿರುಗಿಸುವ ಹೊಣೆ ಸಾಮಾನ್ಯವಾಗಿ ವ್ಯಾಪಾರಿಯ ಮೇಲೆ ಬೀಳುತ್ತದೆ. ವಿದೇಶಿ ಕಾರ್ಡಿಗೆ ಗೇಟ್‌ವೇ ಶುಲ್ಕವೂ ಹೆಚ್ಚು. ಕಡಿಮೆ ಲಾಭದಲ್ಲಿ ಔಷಧಿ ಮಾರುವವರು ಈ ಬಾಗಿಲನ್ನು ಮುಚ್ಚಿಡುವುದು ಅರ್ಥವಾಗುವಂಥದ್ದೇ. ಆದರೆ ವಿದೇಶಿ ಕಾರ್ಡು ನಡೆಯುವುದಿಲ್ಲವೆಂದು ಮೊದಲೇ ಸ್ಪಷ್ಟವಾಗಿ ಬರೆಯದೆ ಗ್ರಾಹಕರನ್ನು ಬ್ಯಾಂಕಿಗೆ ಅಟ್ಟುವುದನ್ನು ನಾನು ಒಪ್ಪುವುದಿಲ್ಲ.

ಎರಡನೆಯದು ಅರ್ಜಿ ನಮೂನೆಯ ದೋಷ, ಅದನ್ನು ತಾವು ಸರಿಪಡಿಸಲಾಗದು. ಬಿಲ್ಲಿಂಗ್ ವಿಳಾಸವನ್ನು ಬ್ಯಾಂಕಿನ ದಾಖಲೆಯೊಂದಿಗೆ ತಾಳೆ ನೋಡುವ ಪದ್ಧತಿ ಮುಖ್ಯವಾಗಿ ಅಮೆರಿಕ, ಕೆನಡಾ, ಬ್ರಿಟನ್ನುಗಳ ಕಾರ್ಡುಗಳದು. ಹಾಗೆಂದು ಅಲ್ಲಿ ಧಾರವಾಡದ ವಿಳಾಸ ತುಂಬಿದರೆ, ಕಾರ್ಡು ಜರ್ಮನಿಯದು, ವಿಳಾಸ ಭಾರತದ್ದು, ಇಂಟರ್ನೆಟ್ ಸಂಪರ್ಕ ಮತ್ತೆ ಜರ್ಮನಿಯದು ಎಂಬುದನ್ನು ಗಮನಿಸುವ ವಂಚನೆ ತಡೆ ವ್ಯವಸ್ಥೆ ಆರ್ಡರನ್ನು ತಡೆಹಿಡಿಯಬಹುದು. ಬಿಲ್ಲಿಂಗ್ ವಿಳಾಸದಲ್ಲಿ ದೇಶವನ್ನು ಆರಿಸಿಕೊಳ್ಳಲು ಬಿಡುವ ತಾಣವನ್ನೇ ಹುಡುಕುವುದು ಒಳ್ಳೆಯದು.

ಮೂರನೆಯದರಲ್ಲಿ ತಮ್ಮ ಬ್ಯಾಂಕು ಒಪ್ಪಿದೆ, ವ್ಯಾಪಾರಿಯ ಕಡೆ ಆರ್ಡರ್ ಬಿದ್ದುಹೋಗಿದೆ. ಹಣ ಇನ್ನೂ ಕಡಿತವಾಗಿಲ್ಲ, ಕಾಯ್ದಿರಿಸಲಾಗಿದೆ ಅಷ್ಟೇ. ವ್ಯಾಪಾರಿ ಅದನ್ನು ಪಡೆಯದಿದ್ದರೆ ಕೆಲವು ದಿನಗಳಲ್ಲಿ ತಾನಾಗಿಯೇ ಬಿಡುಗಡೆಯಾಗಬೇಕು. ವಿಫಲ ಪಾವತಿಯ ಹಣ ಐದು ದಿನಗಳೊಳಗೆ ಮರಳದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವೆಂಬ ರಿಸರ್ವ್ ಬ್ಯಾಂಕಿನ 2019ರ ನಿಯಮವನ್ನು ಇಲ್ಲಿ ಯಾರಾದರೂ ಉಲ್ಲೇಖಿಸಬಹುದು, ಆದರೆ ಅದು ಎರಡೂ ತುದಿಗಳು ಭಾರತದಲ್ಲಿರುವ ವಹಿವಾಟಿಗೆ ಮಾತ್ರ. ಆರ್ಡರ್ ಸಂಖ್ಯೆ ನಮೂದಿಸಿ, ಪಾವತಿ ರದ್ದಾಗಿದೆಯೆಂದು ವ್ಯಾಪಾರಿಯಿಂದ ಲಿಖಿತವಾಗಿ ಪಡೆದು ಬ್ಯಾಂಕಿಗೆ ಕಳುಹಿಸಿ. ಹಣ ಬಿಡುಗಡೆಯಾಗುವ ತನಕ ಅದೇ ಕಾರ್ಡಿನಿಂದ ಮತ್ತೆ ಮತ್ತೆ ಯತ್ನಿಸಬೇಡಿ. ಪ್ರತಿ ಸಲವೂ ಹೊಸ ಮೊತ್ತ ಕಾಯ್ದಿರಿಸಲ್ಪಡಬಹುದು, ಜೊತೆಗೆ ಕಾರ್ಡಿನ ಮೇಲೆ ಸಂಶಯ ಹೆಚ್ಚುತ್ತದೆ.

ಫ್ರಾಂಕ್‌ಫರ್ಟಿನ ಸೊಸೆ

ಒಂದು ಸಣ್ಣ ವಿಷಯ ಪರಿಶೀಲಿಸಿ. ತಮ್ಮ ಕೈಯಲ್ಲಿರುವುದು ಬರಿಯ ಜಿರೋಕಾರ್ಡೇ? ಅದು ಜರ್ಮನಿಯ ಒಳಗಿನ ಡೆಬಿಟ್ ಕಾರ್ಡ್ ವ್ಯವಸ್ಥೆ. ಹಳೆಯ ಕಾರ್ಡುಗಳಲ್ಲಿ 22 ಅಕ್ಷರಗಳ ಐಬ್ಯಾನ್, ಅಂದರೆ ಬ್ಯಾಂಕ್ ಖಾತೆಯ ಸಂಖ್ಯೆ, ಇರುತ್ತದೆ, ಆನ್‌ಲೈನ್ ಖರೀದಿಗೆ ಬೇಕಾದ 16 ಅಂಕಿಗಳ ಕಾರ್ಡ್ ಸಂಖ್ಯೆ ಇರುವುದಿಲ್ಲ. ಹೊರದೇಶದ ಬಳಕೆಗೆಂದು ಜೊತೆಯಲ್ಲಿದ್ದ ಮೇಸ್ಟ್ರೋ ಗುರುತನ್ನು ಯುರೋಪಿನಲ್ಲಿ 2023ರ ಜುಲೈನಿಂದ ಹೊಸ ಕಾರ್ಡುಗಳಿಗೆ ಕೊಡುತ್ತಿಲ್ಲ. ವೀಸಾ ಡೆಬಿಟ್ ಅಥವಾ ಡೆಬಿಟ್ ಮಾಸ್ಟರ್‌ಕಾರ್ಡ್ ಇರುವ ಕಾರ್ಡನ್ನು ಕೇಳಿ ಪಡೆಯಿರಿ, ಯುರೋಪಿನ ಹೊರಗಿನ ಆನ್‌ಲೈನ್ ಪಾವತಿಗೆ ಆ್ಯಪ್‌ನಲ್ಲಿ ತಡೆಯಿದ್ದರೆ ತೆಗೆಯಿರಿ. ಪಾವತಿಯ ಪುಟದಲ್ಲಿ ‘ಯೂರೋದಲ್ಲಿ ಕೊಡುತ್ತೀರಾ, ರೂಪಾಯಿಯಲ್ಲಿ ಕೊಡುತ್ತೀರಾ’ ಎಂಬ ಪ್ರಶ್ನೆ ಬಂದರೆ ರೂಪಾಯಿಯನ್ನೇ ಆರಿಸಿ. ಯೂರೋ ಆರಿಸಿದರೆ ವಿನಿಮಯ ದರ ನಿರ್ಧರಿಸುವವರು ವ್ಯಾಪಾರಿಯ ಕಡೆಯವರು, ಆ ದರ ಸಾಮಾನ್ಯವಾಗಿ ನಮಗೆ ನಷ್ಟದ್ದೇ.

ಲೆಕ್ಕಪತ್ರ

ನಾನು ಲೆಕ್ಕಪರಿಶೋಧಕ. ಕಬ್ಬನ್‌ಪೇಟೆಯವರ ವಿವರಣೆ ಸರಿಯಾಗಿದೆ, ಆದರೆ ಪ್ರಶ್ನೆ ಕೇಳಿದವರಿಗೆ ಬೇಕಾದ ಖಾಯಂ ಪರಿಹಾರ ಜರ್ಮನಿಯ ಕಾರ್ಡಿನಲ್ಲಿ ಸಿಗುವುದಿಲ್ಲ. ಭಾರತದ ವ್ಯಾಪಾರಿಗೆ ಭಾರತದ ಕಾರ್ಡಿನಿಂದಲೇ ಹಣ ಕೊಡುವಂತಾಗಬೇಕು.

ತಾವು ಹೇಳಿದ ಹಳೆಯ ಉಳಿತಾಯ ಖಾತೆಯ ವಿಷಯ ನನಗೆ ಹೆಚ್ಚು ಆತಂಕ ತಂದಿದೆ. ಉದ್ಯೋಗಕ್ಕಾಗಿ ವಿದೇಶಕ್ಕೆ ಹೋದವರು ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ಪ್ರಕಾರ ಅನಿವಾಸಿಗಳಾಗುತ್ತಾರೆ, ಅವರ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಓ ಖಾತೆಯಾಗಿ, ಅಂದರೆ ಅನಿವಾಸಿಗಳು ಭಾರತದಲ್ಲಿನ ಹಣವನ್ನು ಇಡುವ ಖಾತೆಯಾಗಿ, ಬದಲಾಯಿಸಲೇಬೇಕು. ಜರ್ಮನಿಯ ಸಂಬಳದ ಹಣವನ್ನು ಕಳುಹಿಸಿಟ್ಟುಕೊಳ್ಳಲು, ಅನಿವಾಸಿಗಳ ಹೊರದೇಶದ ಗಳಿಕೆಗೆಂದೇ ಇರುವ ಎನ್‌ಆರ್‌ಇ ಖಾತೆ ಸೂಕ್ತ. ಅದರ ಬಡ್ಡಿಗೆ ಭಾರತದಲ್ಲಿ ಆದಾಯ ತೆರಿಗೆಯಿಲ್ಲ, ಉಳಿದ ಹಣವನ್ನು ಹೊರದೇಶಕ್ಕೆ ಮರಳಿ ಒಯ್ಯಲು ಅಡ್ಡಿಯೂ ಇಲ್ಲ. ಎನ್‌ಆರ್‌ಓ ಖಾತೆಯ ಬಡ್ಡಿಯಲ್ಲಾದರೆ ಶೇಕಡಾ 30ರಷ್ಟು ತೆರಿಗೆ, ಅದರ ಮೇಲೆ ಸೆಸ್, ಮೂಲದಲ್ಲೇ ಕಡಿತವಾಗುತ್ತದೆ. ಎನ್‌ಆರ್‌ಇ ಖಾತೆಯ ಡೆಬಿಟ್ ಕಾರ್ಡು ಭಾರತದಲ್ಲಿಯೇ ನೀಡಿದ್ದಾದುದರಿಂದ ಔಷಧಿಯ ತಾಣಕ್ಕೂ ಅದು ಊರಿನ ಕಾರ್ಡೇ. ಹೊಸ ಕಾರ್ಡು ಬಂದ ಮೇಲೆ ಆನ್‌ಲೈನ್ ಬಳಕೆಯನ್ನು ತಾವೇ ಚಾಲನೆ ಮಾಡಿಕೊಳ್ಳಬೇಕು, ಏಕೆಂದರೆ 2020ರ ಮಾರ್ಚ್ 16ರಿಂದ ಕಾರ್ಡುಗಳು ಆ ಸೌಲಭ್ಯ ಮುಚ್ಚಿದ ಸ್ಥಿತಿಯಲ್ಲಿಯೇ ಕೈಗೆ ಬರುತ್ತವೆ.

ಖಾತೆ ತೆರೆಯುವ ಮೊದಲು ಬ್ಯಾಂಕಿಗೆ ಒಂದು ಪ್ರಶ್ನೆಯನ್ನು ಲಿಖಿತವಾಗಿ ಕೇಳಿ: ಓಟಿಪಿಯನ್ನು ಜರ್ಮನಿಯ ಮೊಬೈಲ್ ಸಂಖ್ಯೆಗೆ ಅಥವಾ ಇಮೇಲ್‌ಗೆ ಕಳುಹಿಸುತ್ತೀರಾ? ಎಲ್ಲ ಬ್ಯಾಂಕುಗಳ ಪದ್ಧತಿ ಒಂದೇ ಅಲ್ಲ.

ಫ್ರಾಂಕ್‌ಫರ್ಟಿನ ಸೊಸೆ

ಓಟಿಪಿಯ ಬಗ್ಗೆ ಅನುಭವದಿಂದ ಹೇಳುತ್ತೇನೆ. ಊರಿಗೆ ಹೋದಾಗ ಭಾರತದ ಸಿಮ್ ಒಂದನ್ನು ತಮ್ಮ ಹೆಸರಿನಲ್ಲಿ ಪಡೆದು, ಅಂತರರಾಷ್ಟ್ರೀಯ ರೋಮಿಂಗ್ ಚಾಲನೆ ಮಾಡಿಸಿ, ಇಲ್ಲಿನ ಫೋನಿನ ಎರಡನೆಯ ಸಿಮ್ ಆಗಿ ಇಟ್ಟುಕೊಳ್ಳಿ. 90 ದಿನಗಳ ಕಾಲ ಏನೂ ಬಳಸದಿದ್ದರೆ ಪ್ರೀಪೇಯ್ಡ್ ಸಂಖ್ಯೆಯನ್ನು ಕಂಪನಿ ರದ್ದುಗೊಳಿಸಬಹುದು, ಆದ್ದರಿಂದ ಆಗಾಗ ಒಂದು ಸಂದೇಶ ಕಳುಹಿಸಿ, ರೀಚಾರ್ಜ್ ತಪ್ಪಿಸಬೇಡಿ. ವಿದೇಶಿ ಮೊಬೈಲ್ ಸಂಖ್ಯೆಯಿಂದಲೇ ಯುಪಿಐ ಬಳಸುವ ಅವಕಾಶವನ್ನು, ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2023ರ ಜನವರಿಯಲ್ಲಿ ಎನ್‌ಆರ್‌ಇ, ಎನ್‌ಆರ್‌ಓ ಖಾತೆದಾರರಿಗೆ ಕೊಟ್ಟಿತು, ಆದರೆ ಆಗ ಪ್ರಕಟವಾದ ಹತ್ತು ದೇಶಗಳ ಪಟ್ಟಿಯಲ್ಲಿ ಅಮೆರಿಕ, ಬ್ರಿಟನ್, ಸಿಂಗಪುರ, ಯುಎಇ ಮುಂತಾದವು ಇದ್ದವು, ಜರ್ಮನಿ ಇರಲಿಲ್ಲ. ಭಾರತದ ಸಿಮ್ ಕೈಯಲ್ಲಿದ್ದರೆ ಆ ಚಿಂತೆಯೂ ಬೇಡ.

ನೆಕ್ಕರ್‌ದಂಡೆ ಕನ್ನಡಿಗ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಎನ್‌ಆರ್‌ಇ ಖಾತೆಯ ಅರ್ಜಿಯನ್ನು ಈ ವಾರವೇ ಹಾಕುತ್ತೇನೆ, ಹಳೆಯ ಖಾತೆಯ ಬದಲಾವಣೆಯನ್ನೂ ಜೊತೆಗೇ ಮುಗಿಸುತ್ತೇನೆ. ಅದಾಗುವ ತನಕ ಬಿಪಿ ಯಂತ್ರವನ್ನು ಇಲ್ಲಿಯೇ ಕೊಂಡು ಉಡುಗೊರೆಯೆಂದು ಅಂಚೆಯಲ್ಲಿ ಕಳುಹಿಸಿದರೆ ಹೇಗೆ?

ಲೆಕ್ಕಪತ್ರ

ಆ ದಾರಿ ಬೇಡ. ಹಿಂದೆ 5,000 ರೂಪಾಯಿಯವರೆಗಿನ ಉಡುಗೊರೆಗೆ ಸುಂಕದ ವಿನಾಯಿತಿ ಇತ್ತು. 2019ರ ಡಿಸೆಂಬರ್‌ನಲ್ಲಿ ಸರ್ಕಾರ ಅದನ್ನು ನಿಲ್ಲಿಸಿ, ರಾಖಿ ಮತ್ತು ಜೀವರಕ್ಷಕ ಔಷಧಿಗಳಿಗಷ್ಟೇ ಅದನ್ನು ಉಳಿಸಿತು. ಯಂತ್ರಕ್ಕೆ ಸುಂಕ ಬಿದ್ದರೆ ಅದನ್ನು ಕಟ್ಟಬೇಕಾದವರು ತಂದೆಯವರು. ಧಾರವಾಡದ ಯಾವುದಾದರೂ ಔಷಧಿ ಅಂಗಡಿಯಲ್ಲಿ ಆ ಯಂತ್ರ ಸಿಗುತ್ತದೆ. ತಂದೆಯವರ ಖಾತೆಗೆ ಹಣ ಕಳುಹಿಸಿ, ಅವರು ಅಂಗಡಿಗೆ ಹೋಗಿ ನಗದು ಕೊಟ್ಟು ತರಲಿ. ಮಗ ತಂದೆಗೆ ಕೊಟ್ಟ ಹಣಕ್ಕೆ ಅವರು ಆದಾಯ ತೆರಿಗೆ ಕಟ್ಟಬೇಕಾಗಿಲ್ಲ.