ಪತನಕ್ಕೂ ವಾರ್ಷಿಕೋತ್ಸವವೇ?

ಮಿತ್ರರಿಗೆ ನಮಸ್ಕಾರ.

ಗ್ರೀಸಿನ ಚರಿತ್ರೆಯಲ್ಲಿ ಮಾರ್ಚ್ 25ರಂದು ಏನೇನಾಯಿತು ಎಂದು ಬರೆಯಲು ಕುಳಿತವನು ತಲೆಬರಹದಲ್ಲೇ ಸಿಕ್ಕಿಬಿದ್ದಿದ್ದೇನೆ. ‘ಆನಿವರ್ಸರಿ’ ಎಂಬುದಕ್ಕೆ ಕೈಗೆ ಮೊದಲು ಸಿಗುವ ಪದ ‘ವಾರ್ಷಿಕೋತ್ಸವ’. ಶಾಲೆಗೆ, ಸಂಘಕ್ಕೆ, ಮದುವೆಗೆ ಅದು ಸರಿ. ಒಟ್ಟೊಮನ್ ಆಳ್ವಿಕೆಯ ವಿರುದ್ಧ 1821ರಲ್ಲಿ ಎದ್ದ ದಂಗೆಗೂ ಒಪ್ಪುತ್ತದೆ; ಆ ದಿನ ಗ್ರೀಕರು ಮಕ್ಕಳ ಮೆರವಣಿಗೆ ಮಾಡಿ, ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನನ್ನು ಕರಿದು ಬೆಳ್ಳುಳ್ಳಿ ಗೊಜ್ಜಿನ ಜೊತೆ ತಿನ್ನುತ್ತಾರೆ. ಉಪವಾಸದ ಕಾಲವಾದರೂ ಅಂದು ಮೀನಿಗೆ ವಿನಾಯಿತಿ. ಏಕೆಂದರೆ ದೇವದೂತ ಗಬ್ರಿಯೇಲನು ಮರಿಯಳಿಗೆ ಶುಭವಾರ್ತೆ ತಂದ ಹಬ್ಬವೂ ಅದೇ ದಿನ.

ಕಲಮಾಟ ಪಟ್ಟಣ ದಂಗೆಕೋರರ ಕೈಸೇರಿದ್ದು ಮಾರ್ಚ್ 23ಕ್ಕೆ. ಆದರೂ 1838ರಲ್ಲಿ ದೊರೆ ಒಟ್ಟೊ ರಾಷ್ಟ್ರೀಯ ಹಬ್ಬವೆಂದು ಘೋಷಿಸಿದ್ದು 25ನ್ನು. ದೇವರ ಹಬ್ಬಕ್ಕೆ ದೇಶದ ಹಬ್ಬವನ್ನು ಗಂಟುಹಾಕಿದ ಜಾಣತನ!

1924ರ ಮಾರ್ಚ್ 25ರಂದೇ ಗ್ರೀಸ್ ಅರಸೊತ್ತಿಗೆಯನ್ನು ಕಳಚಿ ಗಣರಾಜ್ಯವಾಯಿತು. 1935ರಲ್ಲಿ ದೊರೆ ಮರಳಿದ. ಬೀದಿಯ ಮೆರವಣಿಗೆ 1821ಕ್ಕೇ ಹೊರತು ಇದಕ್ಕಲ್ಲ. ಉತ್ಸವವೇ ಇಲ್ಲದ್ದಕ್ಕೆ ವಾರ್ಷಿಕೋತ್ಸವ ಎನ್ನಲೇ? ಇನ್ನೊಂದು ತೊಡಕು: 1821ರ ತಾರೀಖು ಹಳೆಯ ಜೂಲಿಯನ್ ಪಂಚಾಂಗದ್ದು, ಈಗಿನ ಲೆಕ್ಕದಲ್ಲಿ ಅದು ಏಪ್ರಿಲ್ 6. ಗ್ರೀಸ್ ಹೊಸ ಪಂಚಾಂಗಕ್ಕೆ ಬಂದದ್ದು 1923ರಲ್ಲಿ. ‘ಅದೇ ದಿನ’ ಎಂಬ ಮಾತೇ ಇಲ್ಲಿ ಅರ್ಧ ಸತ್ಯ. ತಿಥಿ ಒಂದು, ತಾರೀಖು ಇನ್ನೊಂದು ಎಂದು ವರ್ಷಕ್ಕೆರಡು ಸಲ ಹುಟ್ಟುಹಬ್ಬ ಮಾಡಿಸಿಕೊಳ್ಳುವ ನಮಗೆ ಇದು ಹೊಸದೇನಲ್ಲ.

ನಿಜವಾಗಿ ಕಾಡುತ್ತಿರುವುದು ಮೇ 29. 1453ರಲ್ಲಿ ಗ್ರೀಕರ ಹಳೆಯ ರಾಜಧಾನಿ ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್) ಒಟ್ಟೊಮನ್ ತುರ್ಕರ ವಶವಾದ ದಿನ ಅದು. ಅಂದು ಮಂಗಳವಾರ, ಗ್ರೀಕರಿಗೆ ಆ ವಾರ ಇಂದಿಗೂ ಅಶುಭ. (ಹೆಸರಲ್ಲೇ ‘ಮಂಗಳ’ ಇಟ್ಟುಕೊಂಡು ಹೊಸ ಕೆಲಸಕ್ಕೆ ಆ ವಾರ ಬೇಡವೆನ್ನುವವರು ನಮ್ಮಲ್ಲೂ ಉಂಟು.) ‘ಪತನದ ವಾರ್ಷಿಕೋತ್ಸವ’ ಎಂದು ಬರೆದರೆ ಊರು ಕಳೆದುಕೊಂಡವರು ತೋರಣ ಕಟ್ಟಿದ ಹಾಗಿರುತ್ತದೆ. ‘ಪುಣ್ಯತಿಥಿ’ ವ್ಯಕ್ತಿಗೆ ಸಲ್ಲುವ ಪದ, ನಗರಕ್ಕೆ ಹಚ್ಚಿದರೆ ನಗೆ ಬರುತ್ತದೆ. ಚಾಮುಂಡೇಶ್ವರಿಯ ವರ್ಧಂತಿ ಕೇಳಿದ್ದೇವೆ, ಅರಸರ ವರ್ಧಂತಿಯನ್ನೂ ಕೇಳಿದ್ದೇವೆ. ಆದರೆ ಬೆಳೆಯುವ ಅರ್ಥದ ‘ವೃಧ್’ ಧಾತುವಿನ ಪಕ್ಕದಲ್ಲಿ ಪತನ ಹೇಗೆ ಕೂರುತ್ತದೆ? ‘ಸಂಸ್ಮರಣ ದಿನ’ ನಡೆಯಬಹುದು, ಆದರೆ ಅದರಲ್ಲಿ ವರ್ಷದ ಎಣಿಕೆಯೇ ಇಲ್ಲ.

ಗ್ರೀಕರ ‘ಎಪೆತಿಯೋಸ್’ ಈ ವಿಷಯದಲ್ಲಿ ನಿರ್ಲಿಪ್ತ. ‘ಎಪಿ’ ಎಂದರೆ ಮೇಲೆ, ‘ಎತೋಸ್’ ಎಂದರೆ ವರ್ಷ. ದಂಗೆಗೂ ಅದೇ, ಪತನಕ್ಕೂ ಅದೇ.

ವಾಕ್ಯದಲ್ಲಾದರೆ ನನಗೆ ಚಿಂತೆಯಿಲ್ಲ. ‘ಇಂದಿಗೆ ಇಷ್ಟು ವರ್ಷ ತುಂಬಿತು’ ಎಂದರೆ ಕನ್ನಡದ ಕ್ರಿಯಾಪದವೇ ಕೆಲಸ ಮುಗಿಸುತ್ತದೆ, ನಗುವೂ ಇಲ್ಲ, ಅಳುವೂ ಇಲ್ಲ. ತಲೆಬರಹಕ್ಕೆ ಮಾತ್ರ ನಾಮಪದ ಬೇಕು. ‘ವರ್ಷದುಂಬು’ ಎಂದು ಕಟ್ಟಿ ನೋಡಿದೆ, ಕೃತಕವೆನಿಸಿ ಅಳಿಸಿದೆ. ನಿಮ್ಮ ಊರಿನ ಮಾತಿನಲ್ಲಿ ಒಳಿತು ಕೆಡುಕು ಎರಡಕ್ಕೂ ಸಲ್ಲುವ ಪದವಿದ್ದರೆ, ಯಾವ ಸಂದರ್ಭದಲ್ಲಿ ಬಳಸುತ್ತಾರೆ ಎಂಬುದರ ಸಮೇತ ತಿಳಿಸಿ.