ದಸರೆಗೆ ಮಡಿಕೇರಿಗೆ ಬರುವುದಾದರೆ

ಭಾವ, ಬೆಳಗ್ಗೆ ನೀವು ಗ್ರೂಪಿನಲ್ಲಿ ಕೇಳಿದ್ದಕ್ಕೆ ಈಗ ಪುರುಸೊತ್ತಾಯಿತು. ಸ್ವಲ್ಪ ಉದ್ದ ಆಗುತ್ತೆ, ಕೇಳಿಸಿಕೊಳ್ಳಿ. ಮೈಸೂರಿನಲ್ಲಿ ಜಂಬೂಸವಾರಿ ಮುಗಿಸಿ, ಅದೇ ಸಂಜೆ ಮಡಿಕೇರಿಗೆ ಬಂದು, ರಾತ್ರಿ ಮಂಟಪಗಳ ಮೆರವಣಿಗೆ ನೋಡಿ, ಬೆಳಗ್ಗೆ ವಾಪಸ್ ಹೋಗುವುದು, ಅತ್ತೆಯವರನ್ನೂ ಕರೆತರುವುದು ಅಂದಿರಲ್ಲ, ಅತ್ತೆಯವರನ್ನು ಮಾತ್ರ ಆ ರಾತ್ರಿ ಕರೆತರಲೇಬೇಡಿ.

ಮೈಸೂರಿನಿಂದ ಇಲ್ಲಿಗೆ ಹತ್ತಿರ ಹತ್ತಿರ 120 ಕಿಲೋಮೀಟರ್. ಆ ಸಂಜೆ ಎಷ್ಟೋ ಜನರ ಲೆಕ್ಕಾಚಾರ ನಿಮ್ಮದೇ. ಗಾಡಿ ದೂರದಲ್ಲೇ ನಿಲ್ಲಿಸಿ ಏರು ಹತ್ತಬೇಕು. ನಮ್ಮೂರಿನಲ್ಲಿ ಸಮತಟ್ಟು ರಸ್ತೆ ಎಲ್ಲಿದೆ ಹೇಳಿ! ಅತ್ತೆಯವರ ಮಂಡಿಗೆ ಅದು ಆಗುವ ಮಾತಲ್ಲ.

ಮಂಟಪ ಚೆನ್ನಾಗಿರಲ್ಲ ಅಂತಲ್ಲ. ಹತ್ತು ದೇವಸ್ಥಾನಗಳಿಂದ ಹತ್ತು ಮಂಟಪ. ಟ್ರ್ಯಾಕ್ಟರ್ ಟ್ರೈಲರ್ ಮೇಲೆ ಮನೆಗಿಂತ ಎತ್ತರದ ಅಸುರರು, ಕೈ ಬೀಸುತ್ತಾರೆ, ಕಣ್ಣು ತಿರುಗಿಸುತ್ತಾರೆ, ಹೊಗೆ ಬರುತ್ತೆ, ಕೊನೆಗೆ ದೇವಿ ಬಂದು ಕೊಲ್ಲುತ್ತಾಳೆ. ಬಹುಮಾನಕ್ಕೆ ಪೈಪೋಟಿ ಬೇರೆ. ಆದರೆ ಈಗೀಗ ಸ್ಪೀಕರ್ ಜಾಸ್ತಿ ಆಗಿದೆ ಅಂತ ನನಗನಿಸುತ್ತೆ. ಎದೆ ನಡುಗುತ್ತೆ. ನೀವೂ ಮಕ್ಕಳೂ ನೋಡುವುದಾದರೆ ಮಧ್ಯಾಹ್ನ ಮಲಗಿ ನಿದ್ದೆ ಮಾಡಿ, ಊಟ ಮುಗಿಸಿ ನಿಧಾನಕ್ಕೆ ಹೊರಡಿ. ಎಲ್ಲಾ ಮುಗಿದು ಬನ್ನಿ ಕಡಿಯುವ ಹೊತ್ತಿಗೆ ಬೆಳಗಾಗಿರುತ್ತೆ. ಆಮೇಲೆ ನಿದ್ದೆಗಣ್ಣಿನಲ್ಲಿ ಘಾಟಿ ಇಳಿಯುವುದು ಬೇಡ, ಇಲ್ಲೇ ಮಲಗಿ ಎದ್ದು ಹೋಗಿ.

ಅತ್ತೆಯವರಿಗೆ ಸರಿಹೊಂದುವುದು ನವರಾತ್ರಿಯ ಮೊದಲ ದಿನಗಳು. ಪಾಡ್ಯದ ಸಂಜೆ ಪಂಪಿನಕೆರೆಯಲ್ಲಿ ನಾಲ್ಕು ಕರಗ ಕಟ್ಟುತ್ತಾರೆ. ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಮ್ಮ, ಕೋಟೆ ಮಾರಿಯಮ್ಮ. ಹಿಂದೆ ಕೊಡಗು ಆಳಿದ ಹಾಲೇರಿ ರಾಜರ ಕಾಲದಲ್ಲಿ ಊರಿಗೆ ರೋಗ ಬಂದಾಗ ಶುರುವಾಗಿದ್ದು ಅಂತ ಹಿರಿಯರು ಹೇಳುತ್ತಾರೆ. ನನ್ನನ್ನು ಕೇಳಿದರೆ ದಸರೆ ಅಂದರೆ ಇದೇ. ಯಾಕೆಂದರೆ ಇದನ್ನು ನೋಡುವುದಕ್ಕೆ ನೀವು ಎಲ್ಲಿಗೂ ಹೋಗಬೇಕಿಲ್ಲ, ಕರಗವೇ ಮನೆ ಬಾಗಿಲಿಗೆ ಬರುತ್ತೆ. ಬೀದಿಯವರು ಬಾಗಿಲು ತೊಳೆದು ರಂಗೋಲಿ ಹಾಕಿ ಕಾಯುತ್ತಿರುತ್ತಾರೆ. ವಾದ್ಯದ ಸದ್ದು ಹತ್ತಿರ ಬಂದ ಕೂಡಲೇ ಒಳಗಿದ್ದವರೆಲ್ಲ ಮೆಟ್ಟಿಲಿಗೆ ಬರುತ್ತಾರೆ. ಕರಗ ಹೊತ್ತವರ ತಲೆ ಮೇಲೆ ಹೂವಿನ ಗೋಪುರ, ಕೈಯಲ್ಲಿ ಕತ್ತಿ, ಬೆತ್ತ. ಕಾಲಿಗೆ ನೀರು ಹಾಕಿ ಪೂಜೆ ಮಾಡುತ್ತಾರೆ. ಅವರು ಕುಣಿದು ತಿರುಗಿದರೆ ಮಲ್ಲಿಗೆ, ಸೇವಂತಿಗೆ ಎಸಳು ಉದುರುತ್ತೆ, ನಮ್ಮ ಮನೆಯ ಹೆಂಗಸರು ಅದನ್ನು ಆರಿಸಿ ಮುಡಿದುಕೊಳ್ಳುತ್ತಾರೆ. ಅತ್ತೆಯವರು ಕುರ್ಚಿ ಹಾಕಿಕೊಂಡು ಜಗಲಿಯಲ್ಲೇ ಕೂತು ನೋಡಬಹುದು.

ಹಗಲು ಊರೊಳಗೆ ಒಂದು ಸುತ್ತು ಹಾಕಿಸುತ್ತೇನೆ. ಕೋಟೆ ಹತ್ತಿರವೇ ಇದೆ. ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟಿದ್ದ, 1834ರಲ್ಲಿ ಇಂಗ್ಲಿಷರ ಪಾಲಾಯಿತು. ಅಂಗಳದಲ್ಲಿ ನಿಜವಾದ ಆನೆಯಷ್ಟೇ ದೊಡ್ಡ ಎರಡು ಆನೆಗಳಿವೆ, ಮಕ್ಕಳಿಗೆ ಅವೇ ಸಾಕು. ಹಳೇ ಚರ್ಚು ಈಗ ಮ್ಯೂಸಿಯಂ. ಓಂಕಾರೇಶ್ವರ ದೇವಸ್ಥಾನಕ್ಕೆ ಸಂಜೆ ಹೋಗೋಣ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ಗುಮ್ಮಟ ನೋಡಿದರೆ ದರ್ಗಾ ಅಂದುಕೊಳ್ಳಬೇಕು, ಒಳಗೆ ಶಿವಲಿಂಗ. ರಾಜಾಸೀಟಿನಲ್ಲಿ ರಜಾ ದಿನ ಕಾಲಿಡಲು ಜಾಗ ಇರಲ್ಲ, ಅದನ್ನು ಬಿಡಿ. ಶುಕ್ರವಾರ ಸಿಕ್ಕರೆ ಸಂತೆಗೆ ಹೋಗೋಣ, ಅಕ್ಕನನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ ಆಗುತ್ತೆ.

ಇನ್ನೊಂದು ವಿಷಯ. ದಸರೆ ತಾರೀಖು ಹಿಂದೆ ಮುಂದೆ ಆಗುತ್ತೆ, ಆದರೆ ತುಲಾ ಸಂಕ್ರಮಣ ಸುಮಾರು ಅಕ್ಟೋಬರ್ 17ಕ್ಕೇ. ಅವತ್ತು ತಲಕಾವೇರಿಯಲ್ಲಿ ತೀರ್ಥೋದ್ಭವ, ಅಂದರೆ ಕಾವೇರಿ ಉಕ್ಕಿ ಬರುವ ಗಳಿಗೆ. ಮುಹೂರ್ತ ನಡುರಾತ್ರಿಗೂ ಬರಬಹುದು, ನಸುಕಿಗೂ ಬರಬಹುದು. ಆ ಕ್ಷಣಕ್ಕೆ ಕಾವೇರಿ ಹುಟ್ಟುವ ಪುಟ್ಟ ಕೊಳ, ಆ ಕುಂಡಿಕೆ ಹತ್ತಿರ ಹೋಗುವ ಆಸೆ ಬೇಡ, ನೂಕುನುಗ್ಗಲು. ಒಂದೆರಡು ದಿನ ಬಿಟ್ಟು ಹೋದರೂ ತೀರ್ಥ ಸಿಗುತ್ತೆ. ಭಾಗಮಂಡಲದಲ್ಲಿ ಸಂಗಮದ ನೀರು ತಲೆಗೆ ಹಾಕಿಕೊಂಡು ಅಲ್ಲಿಂದ ಮೇಲೆ 8 ಕಿಲೋಮೀಟರ್, ಅಷ್ಟೇ.

ತೀರ್ಥೋದ್ಭವದ ಮಾರನೇ ದಿನ ಪಕ್ಕದ ಕೊಡವರ ಮನೆಯಲ್ಲಿ ಕಣಿ ಪೂಜೆ. ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಮನೆಯ ಒಡವೆ ಹಾಕಿ, ಅದನ್ನೇ ಕಾವೇರಮ್ಮ ಅಂತ ಪೂಜಿಸುತ್ತಾರೆ. ಪೂಜೆ ಆದಮೇಲೆ ದೋಸೆ, ಕುಂಬಳಕಾಯಿ ಸಾರು. ಅವತ್ತು ಪಂದಿ ಕರಿ (ಹಂದಿ ಮಾಂಸದ ಸಾರು) ಇಲ್ಲ, ಭಾವ, ನಿಮಗೆ ಮೊದಲೇ ಹೇಳಿಬಿಡುತ್ತೇನೆ! ನಮಗೂ ಪ್ರತಿ ವರ್ಷ ಕರೆ ಬರುತ್ತೆ, ಈ ಸಲ ನಿಮ್ಮನ್ನೂ ಕರೆದುಕೊಂಡು ಹೋಗುತ್ತೇನೆ.

ಸ್ವೆಟರ್ ತನ್ನಿ, ಕೊಡೆಯನ್ನೂ ತನ್ನಿ. ಮಳೆಗಾಲ ಮುಗಿಯಿತು ಅಂತ ಕ್ಯಾಲೆಂಡರ್ ಹೇಳುತ್ತೆ ಅಷ್ಟೇ, ಸಂಜೆ ಗುಡುಗಿ ಒಂದು ಮಳೆ ಬಂದೇ ಬರುತ್ತೆ. ಮಂಟಪದ ರಾತ್ರಿಗೆ ನಿಮಗೆ ರೂಮು ಬೇಕಿದ್ದರೆ ಈಗಲೇ ಹೇಳಿ, ಆಮೇಲೆ ಸಿಗಲ್ಲ. ಅತ್ತೆಯವರಿಗೆ ನಮ್ಮನೆಯೇ ಇದೆ, ಕೆಳಗಿನ ಕೋಣೆ ಖಾಲಿ ಮಾಡಿಸುತ್ತೇನೆ. ಅವರು ಪಾಡ್ಯಕ್ಕೇ ಬರಲಿ, ನೀವು ದಶಮಿಗೆ ಬಂದು ಸೇರಿಕೊಳ್ಳಿ. ಅಕ್ಕನ ಹತ್ತಿರ ಮಾತಾಡಿ ರಾತ್ರಿ ಫೋನ್ ಮಾಡಿ.