ಮೇಲ್ ಪ್ರೋಗ್ರಾಂನ ಪಾಸ್‌ವರ್ಡ್ ಭದ್ರತೆ: ಏನೇನು ಬದಲಾಗ್ಬೇಕು ಅಂತ ಬರೆದು ಕಳ್ಸೋಣ್ವಾ?

ಸುಲ್ತಾನ್‌ಪೇಟೆ ಡಿಟಿಪಿ:
ಎಲ್ರಿಗೂ ನಮಸ್ಕಾರ. ನಮ್ದು ಸುಲ್ತಾನ್‌ಪೇಟೆ ಹತ್ರ ಡಿಟಿಪಿ, ಪ್ರಿಂಟಿಂಗ್ ಕೆಲ್ಸ. ಮದುವೆ ಕಾರ್ಡು, ಬಿಲ್ ಬುಕ್ಕು, ವಿಸಿಟಿಂಗ್ ಕಾರ್ಡು ಎಲ್ಲದ್ರ ಮ್ಯಾಟರೂ ಮೇಲಲ್ಲೇ ಬರತ್ತೆ, ಅದಕ್ಕೆ ಥಂಡರ್‌ಬರ್ಡ್ ಅನ್ನೋ ಮೇಲ್ ಪ್ರೋಗ್ರಾಂ ಹಾಕ್ಕೊಂಡಿದೀವಿ, ಅಂಗಡಿ ಜಿಮೇಲು, ಓನರ್‌ದು, ಹೋಸ್ಟಿಂಗ್‌ನವ್ರು ಕೊಟ್ಟ ಡೊಮೈನ್ ಮೇಲು ಮೂರೂ ಅದ್ರಲ್ಲೇ. ದುಡ್ಡಿಲ್ದೆ ಇಷ್ಟು ಚೆನ್ನಾಗಿರೋ ಪ್ರೋಗ್ರಾಂ ನಾನಂತೂ ಬೇರೆ ನೋಡಿಲ್ಲ, ಅದಕ್ಕೇ ಇದು ಇನ್ನೂ ಚೆನ್ನಾಗ್ಲಿ, ಅದನ್ನ ಮಾಡೋರಿಗೆ ಒಂದು ಬೇಡಿಕೆ ಬರೆದು ಕಳ್ಸೋಣ ಅಂತ ಕೇಳ್ತಿರೋದು.

ನಮ್ಮಲ್ಲಿರೋ ವರ್ಷನ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಪ್ರೈವಸಿ ಅಂಡ್ ಸೆಕ್ಯುರಿಟಿ, ಅಲ್ಲಿ ಸೇವ್ಡ್ ಪಾಸ್‌ವರ್ಡ್ಸ್, ಆಮೇಲೆ ಶೋ ಪಾಸ್‌ವರ್ಡ್ಸ್ ಒತ್ತಿದ್ರೆ ಸಾಕು, ಸೇವ್ ಆಗಿರೋ ಪಾಸ್‌ವರ್ಡ್ ಅಕ್ಷರ ಅಕ್ಷರ ಕಾಣತ್ತೆ. ಪ್ರೈಮರಿ ಪಾಸ್‌ವರ್ಡ್ ಅಂತ ಒಂದಿದೆ, ಸೇವ್ ಆಗಿರೋ ಪಾಸ್‌ವರ್ಡುಗಳಿಗೆಲ್ಲಾ ಒಂದೇ ಬೀಗ ಇದ್ದ ಹಾಗೆ, ಅದನ್ನ ಹಾಕಿಟ್ರೆ ತಡೀಬಹುದು, ಆದ್ರೆ ಅಕೌಂಟ್ ಸೇರ್ಸೋವಾಗ ಅದ್ರ ಬಗ್ಗೆ ಒಂದು ಮಾತೂ ಕೇಳಲ್ಲ, ಹುಡುಕ್ಕೊಂಡು ಹೋದವ್ರಿಗೆ ಮಾತ್ರ ಸಿಗೋದು. ಅಂಗಡಿ ಅಂದ್ಮೇಲೆ ಕಸ್ಟಮರ್ ಬಂದು "ಅಣ್ಣ ಒಂದ್ನಿಮಿಷ, ಫೈಲು ನನ್ ಮೇಲಲ್ಲಿದೆ, ಇಲ್ಲೇ ಓಪನ್ ಮಾಡ್ಕೋತೀನಿ" ಅಂತ ಅದೇ ಚೇರಲ್ಲಿ ಕೂತ್ಬಿಡ್ತಾರೆ, ಬೇಡ ಅನ್ನಕ್ಕಾಗಲ್ಲ. ನಮ್ ಇನ್‌ಬಾಕ್ಸಲ್ಲಿ ಜನರ ಆಧಾರ್ ಕಾಪಿ, ಫೋಟೋ, ಜಿಎಸ್‌ಟಿ ಸರ್ಟಿಫಿಕೇಟು ಎಲ್ಲಾ ಬಿದ್ದಿರತ್ತೆ, ಅದು ನಮ್ದಲ್ಲ, ನಂಬಿ ಕಳ್ಸಿರೋರ್ದು.

ಮೊದಲ್ನೇ ಅಕೌಂಟ್ ಸೇರ್ಸೋವಾಗ್ಲೇ "ಈ ಕಂಪ್ಯೂಟರ್ ನಿಮ್ಮೊಬ್ರುದಾ, ಬೇರೆಯವ್ರೂ ಬಳಸ್ತಾರಾ" ಅಂತ ಕೇಳಿ, ಬಳಸ್ತಾರೆ ಅಂದ್ರೆ ಪ್ರೈಮರಿ ಪಾಸ್‌ವರ್ಡ್ ಹಾಕ್ಸಬೇಕು. ಇದು ನನ್ ಮುಖ್ಯ ಬೇಡಿಕೆ. ಇನ್ನೇನು ಸೇರ್ಸಬಹುದು? ಮತ್ತೆ ಈಗ್ಲೇ ನಾವಾಗಿ ಹಾಕೋದಾದ್ರೆ ಏನೇನು ನೋಡ್ಕೋಬೇಕು?

ಕೆಂಗೇರಿ ನೆಟ್‌ವರ್ಕ್:
ಒಳ್ಳೇ ವಿಷ್ಯ ಎತ್ತಿದೀರ ಸರ್. ಒಳಗೆ ಏನಾಗ್ತಿದೆ ಅಂತ ಮೊದ್ಲು ಹೇಳ್ತೀನಿ. ಥಂಡರ್‌ಬರ್ಡ್‌ಗೆ ಪ್ರೊಫೈಲ್ ಅಂತ ಒಂದು ಫೋಲ್ಡರ್ ಇರತ್ತೆ, ಅದ್ರಲ್ಲಿ ಲಾಗಿನ್ಸ್ ಡಾಟ್ ಜೇಸನ್ ಅನ್ನೋ ಫೈಲಲ್ಲಿ ಪಾಸ್‌ವರ್ಡುಗಳು ಎನ್‌ಕ್ರಿಪ್ಟ್ ಆಗಿ, ಅಂದ್ರೆ ಕೀ ಇಲ್ದೆ ಓದಕ್ಕಾಗದ ಹಾಗೆ ಕೂತಿರ್ತವೆ, ಅದನ್ನ ಬಿಚ್ಚೋ ಕೀ ಪಕ್ಕದಲ್ಲೇ ಕೀ4 ಡಾಟ್ ಡಿಬಿ ಅನ್ನೋ ಫೈಲಲ್ಲಿರತ್ತೆ. ಪ್ರೈಮರಿ ಪಾಸ್‌ವರ್ಡ್ ಇಲ್ಲ ಅಂದ್ರೆ ಬೀಗ ಹಾಕಿ ಬೀಗದ ಕೈನ ಅಲ್ಲೇ ಮೊಳೆಗೆ ನೇತಾಕಿದ ಹಾಗೆ, ಎರಡು ಫೈಲ್ ಪೆನ್‌ಡ್ರೈವ್‌ಗೆ ಕಾಪಿ ಮಾಡ್ಕೊಂಡ್ರೆ ಮನೇಲಿ ಕೂತು ಓದ್ಬಹುದು, ನಿಮ್ ಚೇರಲ್ಲಿ ಕೂರೋದೂ ಬೇಡ.

ಆದ್ರೆ ಒಂದು ತಿಳ್ಕೊಳ್ಳಿ, ಪ್ರೈಮರಿ ಪಾಸ್‌ವರ್ಡ್ ಕಾಯೋದು ಪಾಸ್‌ವರ್ಡುಗಳನ್ನ, ಬಂದಿರೋ ಮೇಲುಗಳನ್ನಲ್ಲ. ಡೌನ್‌ಲೋಡ್ ಆದ ಮೇಲುಗಳು ಡಿಸ್ಕಲ್ಲಿ ಎಂಬಾಕ್ಸ್ ಅನ್ನೋ ಸಾದಾ ಫೈಲಾಗಿ ಇರ್ತವೆ, ನೋಟ್‌ಪ್ಯಾಡಲ್ಲೂ ತೆರ್ಕೊಳ್ತವೆ. ನೀವು ಹೇಳಿದ ಆಧಾರ್ ಕಾಪಿ ಉಳೀಬೇಕಂದ್ರೆ ಕಸ್ಟಮರ್‌ಗೆ ವಿಂಡೋಸಲ್ಲಿ ಬೇರೆ ಯೂಸರ್ ಮಾಡಿಡಿ, ಅದು ಅಡ್ಮಿನ್ ಆಗಿರ್ಬಾರ್ದು, ನಿಮ್ ಯೂಸರ್‌ಗೂ ಪಾಸ್‌ವರ್ಡ್ ಇರ್ಲಿ. ಸಿಸ್ಟಮ್ಮೇ ಕಳುವಾದ್ರೆ ಅಂತ ಭಯ ಇದ್ರೆ ಬಿಟ್‌ಲಾಕರ್ ಆನ್ ಮಾಡಿ, ಅದು ಡಿಸ್ಕನ್ನೇ ಪೂರ್ತಿ ಎನ್‌ಕ್ರಿಪ್ಟ್ ಮಾಡತ್ತೆ, ವಿಂಡೋಸ್ ಪ್ರೊ ವರ್ಷನ್‌ನಲ್ಲಿ ಬರತ್ತೆ. ಬೇಡಿಕೇಲಿ ಇದನ್ನೂ ಬರೀರಿ, ಮೇಲ್ ಫೈಲುಗಳನ್ನೂ ಎನ್‌ಕ್ರಿಪ್ಟ್ ಮಾಡೋ ಆಯ್ಕೆ ಕೊಡ್ಲಿ ಅಂತ.

ಮಲ್ಲೇಶ್ವರಂ ಓದುಗ:
ಜಿಮೇಲ್ ಬಗ್ಗೆ ಸ್ವಲ್ಪ ಸೇರಿಸ್ತೀನಿ. 2022ರ ಮೇ 30ರಿಂದ ಪರ್ಸನಲ್ ಜಿಮೇಲ್‌ಗೆ ಬರೀ ಪಾಸ್‌ವರ್ಡ್ ಕೊಟ್ಟು ಬೇರೆ ಪ್ರೋಗ್ರಾಂನಿಂದ ಲಾಗಿನ್ ಆಗೋದನ್ನ ಗೂಗಲ್ ನಿಲ್ಲಿಸ್ತು, ಈಗ ಓಆತ್2 ಬರತ್ತೆ, ಅಂದ್ರೆ ಗೂಗಲ್ ಪೇಜಲ್ಲಿ ಲಾಗಿನ್ ಆಗ್ತೀರ, ಥಂಡರ್‌ಬರ್ಡ್ ಕೈಗೆ ಪಾಸ್‌ವರ್ಡ್ ಬದ್ಲು ಟೋಕನ್, ಅಂದ್ರೆ ಒಳಗೆ ಬಿಡೋ ಪಾಸ್ ಥರದ್ದು ಸಿಗತ್ತೆ. ಅನುಮಾನ ಬಂದ್ರೆ ಗೂಗಲ್ ಅಕೌಂಟಿಗೆ ಹೋಗಿ ಅದನ್ನ ಕಿತ್ತಾಕ್ಬಹುದು, ಪಾಸ್‌ವರ್ಡ್ ಹಂಗೇ ಇರತ್ತೆ. ಹಾಗಂತ ಸುಮ್ನಿರೋಕಾಗಲ್ಲ, ಆ ಟೋಕನ್ ಕೂಡ ಸೇವ್ಡ್ ಪಾಸ್‌ವರ್ಡ್ಸ್ ಪಟ್ಟೀಲೇ ಕೂತಿರತ್ತೆ. ನಿಮ್ ಡೊಮೈನ್ ಮೇಲ್ ಮಾತ್ರ ಬಹುಶಃ ಈಗ್ಲೂ ಬರೀ ಪಾಸ್‌ವರ್ಡ್ ಮೇಲೇ ನಿಂತಿರತ್ತೆ, ಅದ್ರ ಸರ್ವರ್ ಸೆಟ್ಟಿಂಗಲ್ಲಿ ಐಮ್ಯಾಪ್ (ಸರ್ವರಿಂದ ಮೇಲ್ ತರೋ ದಾರಿ) ಪೋರ್ಟ್ 993, ಎಸ್‌ಎಸ್‌ಎಲ್ ಅಂತ ಇದೆಯಾ ನೋಡಿ, 143 ಜೊತೆ ಸೆಕ್ಯುರಿಟಿ "None" (ಏನೂ ಇಲ್ಲ) ಅಂತ ಇದ್ರೆ ಇವತ್ತೇ ಬದಲಾಯ್ಸಿ, ಇಲ್ದಿದ್ರೆ ಮೇಲು ಬಿಚ್ಚಿಟ್ಟ ಹಾಗೇ ನೆಟ್‌ವರ್ಕಲ್ಲಿ ಓಡಾಡತ್ತೆ.

ಯಶವಂತಪುರ ಅಂಗಡಿ:
ನಂಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ನಮ್ದೂ ಅಂಗಡಿನೇ. ವ್ಯಾಪಾರದ ಹೊತ್ತಲ್ಲಿ ಪಾಸ್‌ವರ್ಡ್ ಕೇಳ್ತಾ ಇದ್ರೆ ಹುಡುಗ್ರು ಏನ್ಮಾಡ್ತಾರೆ ಅಂದ್ರೆ ಚೀಟೀಲಿ ಬರೆದು ಮಾನಿಟರ್ ಕೆಳಗೆ ಅಂಟಿಸ್ತಾರೆ, ಆಮೇಲೆ ಇದ್ದೂ ಇಲ್ದಂಗೆ. ಮೇಲಿಂದ ತಿಂಗಳಿಗೊಂದ್ಸಲ ಬದಲಾಯ್ಸಿ ಅಂತ ರೂಲ್ ಬೇರೆ ಮಾಡಿದ್ರೆ ಮುಗೀತು.

ಕೆಂಗೇರಿ ನೆಟ್‌ವರ್ಕ್:
ತಿಂಗಳಿಗೊಂದ್ಸಲ ಬದಲಾಯ್ಸೋದು ಬೇಡ, ನೀವು ಹೇಳಿದ್ದು ಸರಿ. ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರ ಮಾರ್ಗಸೂಚೀಲೇ ಸುಮ್‌ಸುಮ್ನೆ ಬದಲಾಯ್ಸಬೇಡಿ, ಸೋರಿಕೆ ಆಗಿದೆ ಅಂತ ಗೊತ್ತಾದಾಗ ಬದಲಾಯ್ಸಿ ಅಂತ ಹೇಳಿದೆ. ಪದೇ ಪದೇ ಕೇಳತ್ತೆ ಅನ್ನೋದು ಹಾಗಲ್ಲ, ಬೆಳಿಗ್ಗೆ ತೆರೆದಾಗ ಒಂದ್ಸಲ ಹಾಕಿದ್ರೆ ಮುಚ್ಚೋ ತನಕ ಬಿಚ್ಕೊಂಡೇ ಇರತ್ತೆ. ನಂಗೆ ಅದೇ ಕೊರತೆ ಅನ್ಸೋದು, ಟೀಗೆ ಎದ್ದು ಹೋದಾಗ ತಾನಾಗೇ ಲಾಕ್ ಆಗ್ಬೇಕು, ಎಷ್ಟು ನಿಮಿಷಕ್ಕೆ ಅಂತ ಅಂಗಡಿಯವ್ರೇ ಇಟ್ಕೊಳ್ಳೋ ಹಾಗಿರ್ಲಿ. ಅಲ್ಲೀವರ್ಗೂ ಎದ್ದೇಳೋವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿ.

ಬಸವನಗುಡಿ ಅಕ್ಕ:
ಚೀಟಿ ಅಂಟಿಸೋದು ನೆನಪಿರಲ್ಲ ಅಂತ ತಾನೇ, ಅದಕ್ಕೆ ಸಂಬಂಧ ಇಲ್ದಿರೋ ನಾಲ್ಕು ಕನ್ನಡ ಪದ ತಗೊಂಡು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ, ಒರಳು ಮೆಟ್ರೋ ಹುಣಸೆ ಚಪ್ಪಲಿ ಅನ್ನೋ ಥರ (ಇದನ್ನೇ ಇಟ್ಕೋಬೇಡಿ ಮತ್ತೆ, ಇಲ್ಲಿ ಬರೆದಾಯ್ತು). ಗಾದೆ, ಹಾಡಿನ ಸಾಲು ಬೇಡ, ಊಹೆ ಮಾಡೋರಿಗೆ ಅದು ಸುಲಭ.

ಇನ್ನೊಂದು, ಡಿಟಿಪಿ ಮಾಡೋರಿಗೆ ಮುಖ್ಯವಾದ್ದು. ನುಡಿ (ಕನ್ನಡ ಟೈಪಿಂಗ್ ಸಾಫ್ಟ್‌ವೇರ್) ಆನ್ ಇರೋವಾಗ ಪಾಸ್‌ವರ್ಡ್ ಹೊಡೆದ್ರೆ ಬೀಳೋ ಅಕ್ಷರಾನೇ ಬೇರೆ, ಬಾಕ್ಸಲ್ಲಿ ಬರೀ ಚುಕ್ಕಿ ಕಾಣೋದ್ರಿಂದ ಏನ್ ಬಿತ್ತು ಅಂತ ಗೊತ್ತಾಗಲ್ಲ, ಪಾಸ್‌ವರ್ಡೇ ಮರೆತೋಯ್ತು ಅಂತ ಜನ ಗಾಬರಿಯಾಗಿ ರೀಸೆಟ್ ಮಾಡ್ಬಿಡ್ತಾರೆ, ಆಗ ಸೇವ್ ಆಗಿರೋ ಪಾಸ್‌ವರ್ಡೆಲ್ಲಾ ಅಳಿಸಿಹೋಗತ್ತೆ, ಮೇಲು ಉಳಿಯತ್ತೆ. ಪಾಸ್‌ವರ್ಡ್ ಬಾಕ್ಸ್ ಪಕ್ಕ ಈಗ ಯಾವ ಕೀಬೋರ್ಡ್ ಆನ್ ಇದೆ ಅಂತ ತೋರ್ಸೋದು, ಕಣ್ಣಿನ ಗುರುತು ಒತ್ತಿದ್ರೆ ಹೊಡೆದಿದ್ದು ಕಾಣೋದು, ಎರಡನ್ನೂ ಬೇಡಿಕೇಲಿ ಸೇರ್ಸಿ ಪ್ಲೀಸ್. ಎರಡು ಭಾಷೆ ಕೀಬೋರ್ಡಲ್ಲಿ ಕೆಲ್ಸ ಮಾಡೋ ನಮ್ಮಂಥೋರು ಹೇಳ್ದೆ ಅವ್ರಿಗೆ ಹೇಗೆ ಗೊತ್ತಾಗ್ಬೇಕು.

ಸುಲ್ತಾನ್‌ಪೇಟೆ ಡಿಟಿಪಿ:
ನುಡಿ ವಿಷ್ಯ ನಂಗೆ ಹೊಳ್ದೇ ಇರ್ಲಿಲ್ಲ, ಥ್ಯಾಂಕ್ಸ್ ಅಕ್ಕ. ಸೆಟಪ್ಪಲ್ಲೇ ಕೇಳೋದು, ಸುಮ್ನಿದ್ರೆ ತಾನಾಗೇ ಲಾಕ್ ಆಗೋದು, ಮೇಲ್ ಫೈಲ್ ಎನ್‌ಕ್ರಿಪ್ಟು, ಕೀಬೋರ್ಡ್ ಗುರುತು ಇಷ್ಟನ್ನೂ ಮೊಝಿಲ್ಲಾ ಕನೆಕ್ಟ್ ಅನ್ನೋ ವೆಬ್‌ಸೈಟಲ್ಲಿ ಥಂಡರ್‌ಬರ್ಡ್ ಐಡಿಯಾ ಹಾಕೋ ಜಾಗದಲ್ಲಿ ಬರೀತೀನಿ. ಒಂದೊಂದನ್ನೂ ಬೇರೆ ಬೇರೆಯಾಗಿ ಹಾಕ್ತೀನಿ, ಒಟ್ಟಿಗೆ ತುಂಬಿದ್ರೆ ಜನ ಯಾವುದಕ್ಕೆ ವೋಟ್ ಹಾಕ್ಬೇಕು ಅಂತ ಗೊತ್ತಾಗಲ್ಲ. ಪ್ರೈಮರಿ ಪಾಸ್‌ವರ್ಡ್ ಇವತ್ತೇ ಹಾಕ್ಬಿಡ್ತೀನಿ.

ಕೆಂಗೇರಿ ನೆಟ್‌ವರ್ಕ್:
ಹಾಕಿ ಸರ್, ಹಾಕಿದ್ಮೇಲೆ ಮೂರು ಮೇಲ್ ಐಡಿ ಪಾಸ್‌ವರ್ಡೂ ಬದಲಾಯ್ಸಿ. ನಿಮ್ಮ ಬ್ಯಾಕಪ್ ಹಾರ್ಡ್ ಡಿಸ್ಕಲ್ಲಿ ಹಳೇ ಪ್ರೊಫೈಲ್ ಇದ್ರೆ ಅದ್ರಲ್ಲಿರೋ ಕೀ ಫೈಲಿಗೆ ಈ ಹೊಸ ಪ್ರೈಮರಿ ಪಾಸ್‌ವರ್ಡ್ ಲೆಕ್ಕಕ್ಕಿಲ್ಲ, ಅದು ಹಂಗೇ ತೆರ್ಕೊಳ್ಳತ್ತೆ.